ದೊಡ್ಡಣ್ಣ ಕೊಟ್ಟ ಮಾತು

ದೊಡ್ಡಣ್ಣ ತೀರಿಕೊಂಡ ಮೇಲೆ ಅವನ ಅಕ್ಕನ ಮನೆಯಲ್ಲಿ ಚಹಾದ ಪಾತ್ರೆ ಒಲೆಯಿಂದ ಕೆಳಗಿಳಿಯಲೇ ಇಲ್ಲ. ಪಕ್ಷವನ್ನು ಹೆಗಲ ಮೇಲೆ ಹೊತ್ತು ಚುನಾವಣೆ ಗೆಲ್ಲಿಸಿದವನು, ಅಧಿಕಾರದ ಕುರ್ಚಿಯಲ್ಲಿ ಕೂರಲು ಇನ್ನು ಕೆಲವೇ ದಿನವಿದೆ ಎನ್ನುವಾಗ, ಕಾರಿನ ಹಿಂದಿನ ಸೀಟಿನಲ್ಲಿ ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿಬಿಟ್ಟಿದ್ದ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಅಳುವುದಕ್ಕೆ ಬಂದವರೂ, ಅಳುವವರನ್ನು ನೋಡುವುದಕ್ಕೆ ಬಂದವರೂ ಹಳೇ ಮಾರುಕಟ್ಟೆಯ ಹಿಂದಿನ ಬೀದಿಯ ಈ ಮನೆಗೇ ಬರಬೇಕಾಯಿತು.

ಮನೆಯಲ್ಲಿ ಅವನನ್ನು ಹೆತ್ತ ತಾಯಿ ಇದ್ದಳು, ಮನೆಯ ಮಕ್ಕಳಿಗೆ ಅಜ್ಜಿ. ಅವನ ಅಕ್ಕ ಇದ್ದಳು. ದೊಡ್ಡಣ್ಣನಿಗೆ ಅಕ್ಕನಾದ್ದರಿಂದ ಊರಿಗೆಲ್ಲ ಅವಳು ಅಕ್ಕನೇ. ಅವಳ ಗಂಡನದು ಮಾರುಕಟ್ಟೆಯ ಮೂಲೆಯಲ್ಲಿ ಬೇಕರಿ. ಮಗ ಗುಂಡ ಅಪ್ಪನ ಜೊತೆ ಅಲ್ಲೇ ಹಿಟ್ಟು ನಾದುತ್ತಿದ್ದ. ಮಗಳು ಪುಟ್ಟಿಗೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಅವಳ ಬಾಯಿ ಸೂಜಿಗಿಂತ ಚೂಪು ಎಂದು ಅಜ್ಜಿ ಹೇಳುತ್ತಿದ್ದಳು.

ಬಂದವರು ಅಜ್ಜಿಯ ಕೈ ಹಿಡಿದು, "ಎಂಥಾ ಮಗನ್ನ ಹೆತ್ರಿ ಅಮ್ಮಾ" ಎಂದು ಬಿಕ್ಕುತ್ತಿದ್ದರು. ಅಜ್ಜಿ ಅವರ ಬೆನ್ನು ಸವರಿ ಸಮಾಧಾನ ಮಾಡುತ್ತಿದ್ದಳು. ಹಜಾರದಲ್ಲಿ ಪಕ್ಷದವರು ತಂದು ಹಾಕಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಒಳಮನೆಯಿಂದ ಬಚ್ಚಲಿಗೆ ಹೋಗಬೇಕೆಂದರೆ ನಾಲ್ಕು ಜನ ಎದ್ದು ದಾರಿ ಬಿಡಬೇಕು.

"ಅಂಗಡಿಗೆ ತಂದ ಸಕ್ಕರೆ ಎಲ್ಲಾ ಮನೇಲೇ ಕರಗ್ತಿದೆ," ಎಂದು ಬೇಕರಿಯವನು ಅಡುಗೆಮನೆಯಲ್ಲಿ ಗೊಣಗಿದ.

"ಮೆಲ್ಲಗ್ರೀ. ಅಮ್ಮಂಗೆ ಕೇಳುತ್ತೆ."

"ಕೇಳ್ಲಿ ಬಿಡು. ಬದುಕಿದ್ದಾಗ ನಿನ್ನ ತಮ್ಮನ್ನ ಈ ಜನ ಒಂದು ತುತ್ತು ನೆಮ್ಮದಿಯಾಗಿ ತಿನ್ನಕ್ಕೆ ಬಿಡ್ಲಿಲ್ಲ. ಈಗ ನಮ್ಮನ್ನೂ ಬಿಡ್ತಿಲ್ಲ."

ಅಕ್ಕ ಲೋಟಗಳನ್ನು ತೊಳೆದು ತಟ್ಟೆಯಲ್ಲಿ ಜೋಡಿಸಿದಳು.

ಜನ ಬರುವುದು ಸ್ವಲ್ಪ ತಗ್ಗಿದ ಮೇಲೆ ಒಂದು ಭಾನುವಾರ ಪಕ್ಷದ ಕಾರ್ಯದರ್ಶಿ ಬಂದ. ದೊಡ್ಡಣ್ಣನ ಜೊತೆ ಇಪ್ಪತ್ತು ವರ್ಷ ತಿರುಗಿದವನು. ಮಾತಾಡುವಾಗ ಎದುರಿಗಿದ್ದವರ ಹೆಗಲ ಮೇಲೆ ಕೈ ಇಡುವುದು ಅವನ ರೂಢಿ. ಗುಂಡನ ಹೆಗಲ ಮೇಲೆ ಕೈಯಿಟ್ಟು, ಅಜ್ಜಿಯ ಕಡೆ ತಿರುಗಿ ಹೇಳಿದ:

"ಅಮ್ಮಾ, ದೊಡ್ಡಣ್ಣನ ಜಾಗ ಖಾಲಿ ಇದೆ. ಉಪಚುನಾವಣೆಗೆ ನಮ್ಮ ಹತ್ರ ನೂರು ಜನ ಇದಾರೆ. ಆದರೆ ಜನ ಕೇಳ್ತಿರೋದು ರಕ್ತ ಸಂಬಂಧನ. ಇವನನ್ನ ನೋಡಿ. ಆ ಹಣೆ, ಆ ಗಡ್ಡ, ಆ ನಿಲುವು. ಇವತ್ತಿಂದ ಇವನು ಚಿಕ್ಕಣ್ಣ."

"ಚಿಕ್ಕಣ್ಣ!" ಪುಟ್ಟಿ ನಗು ತಡೆಯಲಾರದೆ ಹೇಳಿದಳು. "ನಿನ್ನೆ ರಾತ್ರಿ ಕಸ ಹಾಕಿ ಬಾ ಅಂದ್ರೆ ನಾಯಿಗೆ ಹೆದರಿ ವಾಪಸ್ ಬಂದ ಇವನು."

"ಸುಮ್ನಿರೇ," ಎಂದಳು ಅಜ್ಜಿ. ಅವಳ ಮುಖ ಅರಳಿತ್ತು. "ನನ್ನ ಮಗ ಅರ್ಧಕ್ಕೆ ಬಿಟ್ಟಿದ್ದನ್ನ ಮೊಮ್ಮಗ ಮುಗಿಸ್ತಾನೆ ಅಂದ್ರೆ ನನಗಿನ್ನೇನು ಬೇಕು?"

ಬೇಕರಿಯವನು ಎದ್ದು ನಿಂತ. "ಅತ್ತೆ, ಅವನಿಗೆ ಭಾಷಣ ಬರಲ್ಲ. ಬನ್ ಮಾಡಕ್ಕೆ ಬರುತ್ತೆ."

"ಅಳಿಯಂದ್ರೇ, ನನ್ನ ಮಗನೂ ಈ ಮಾರ್ಕೆಟ್ಟಲ್ಲಿ ಮೂಟೆ ಹೊತ್ತೋನೇ. ಹೊಟ್ಟೆಯಿಂದ ಭಾಷಣ ಕಲ್ತು ಬಂದಿರಲಿಲ್ಲ."

ಎಲ್ಲರೂ ಅಕ್ಕನ ಕಡೆ ನೋಡಿದರು. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಬೇಡ," ಎಂದಳು.

"ಯಾಕಮ್ಮಾ?" ಗುಂಡನ ಮುಖ ಸಪ್ಪಗಾಯಿತು.

"ಬೇಡ ಅಂದೆ. ಅಷ್ಟೇ."

ಕಾರಣ ಹೇಳದ ಬೇಡಕ್ಕೆ ಬೆಲೆ ಎಲ್ಲಿಯದು? ಮಾರನೇ ವಾರ ಗೋಡೆಗಳ ಮೇಲೆಲ್ಲ ದೊಡ್ಡಣ್ಣನ ಪಕ್ಕದಲ್ಲಿ ಗುಂಡನ ಮುಖ ಬಂತು. ಮಾವನ ಕಂದು ಕೋಟನ್ನು ತೋಳು ಕಿರಿದು ಮಾಡಿಸಿ ಹಾಕಿಕೊಂಡ. ಮಾವ ಮಾತಿನ ನಡುವೆ ನಿಲ್ಲಿಸಿ ಕನ್ನಡಕ ತೆಗೆಯುತ್ತಿದ್ದ ಹಾಗೆ, ತನಗೆ ಬೇಡದ ಕನ್ನಡಕವೊಂದನ್ನು ಹಾಕಿ ತೆಗೆಯುವುದನ್ನೂ ಕಲಿತ. ಮನೆಯೊಳಗೇ ಅಭ್ಯಾಸ ನಡೆಯಿತು.

"ಈ ಮಾರುಕಟ್ಟೆಯ ಒಂದು ಕಲ್ಲೂ ಕದಲುವುದಿಲ್ಲ!" ಎಂದು ಅವನು ಹಜಾರದಲ್ಲಿ ಗರ್ಜಿಸುತ್ತಿದ್ದ. ಅದು ದೊಡ್ಡಣ್ಣನ ಮಾತು. ಹಳೇ ಮಾರುಕಟ್ಟೆಯನ್ನು ಕೆಡವಿ ಎತ್ತರದ ಕಟ್ಟಡ ಎಬ್ಬಿಸಬೇಕೆಂದು ಬಿಲ್ಡರುಗಳು ಹಿಂದೆ ಬಿದ್ದಾಗ ಅವನು ಮೀನಿನ ಕಟ್ಟೆಯ ಮೇಲೆ ನಿಂತು ಕೊಟ್ಟ ಮಾತು. ಆ ಒಂದು ಮಾತಿನಿಂದಲೇ ಊರು ಅವನ ಹಿಂದೆ ನಡೆದಿತ್ತು.

ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅಕ್ಕ ಮಾತ್ರ ಆ ಸಾಲು ಬಂದ ಕೂಡಲೇ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಬೇಕರಿಯಲ್ಲಿ ಕೈ ಸಾಲದಾಯಿತು. ನಸುಕಿನಲ್ಲಿ ಒಲೆ ಹೊತ್ತಿಸುವ ಹೊತ್ತಿಗೆ ಗುಂಡ ಇನ್ನೂ ಮಲಗಿರುತ್ತಿದ್ದ. ಎದ್ದರೆ ಬಾಗಿಲಲ್ಲಿ ಪಕ್ಷದ ಜೀಪು. ಅಕ್ಕನೇ ಹೋಗಿ ಹಿಟ್ಟಿಗೆ ಕೈ ಹಾಕಿದಳು. ಒಂದು ಬೆಳಿಗ್ಗೆ ಅವಳು ಮಣಿಕಟ್ಟು ಒತ್ತಿಕೊಳ್ಳುವುದನ್ನು ನೋಡಿ ಗಂಡನಿಗೆ ಸಿಟ್ಟು ಬಂತು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿನ್ನ ತಮ್ಮನ್ನ ಬೈತಿದ್ದೆ. ಈಗ ಮಗನೂ ಅದೇ ದಾರಿ ಹಿಡಿದ. ನಿನಗೆ ಇಷ್ಟ ಇಲ್ಲ ಅಂದ್ರೆ ಗಟ್ಟಿಯಾಗಿ ಹೇಳ್ಬಾರ್ದಾ?"

"ಹೇಳಿದ್ನಲ್ಲ."

"ಬೇಡ ಅಂದೆ. ಯಾಕೆ ಅಂತ ಹೇಳ್ಲಿಲ್ಲ. ನನಗೂ ಹೇಳ್ಲಿಲ್ಲ."

ಅಕ್ಕ ಹಿಟ್ಟಿನ ಮುದ್ದೆಯನ್ನು ಹಲಗೆಯ ಮೇಲೆ ಎತ್ತಿ ಬಡಿದಳು. "ಬಿಸಿ ತುಪ್ಪ ಕಣ್ರೀ. ನುಂಗಕ್ಕೂ ಆಗ್ತಿಲ್ಲ, ಉಗುಳಕ್ಕೂ ಆಗ್ತಿಲ್ಲ," ಎಂದಳು. ಅಷ್ಟರಲ್ಲಿ ಹೋಟೆಲಿನವನು ಬ್ರೆಡ್ಡಿಗೆ ಬಂದ, ಮಾತು ಅಲ್ಲಿಗೇ ನಿಂತಿತು.

ಅದು ಹೊರಗೆ ಬಿದ್ದದ್ದು ಒಂದು ಸಂಜೆ ಊಟದ ಹೊತ್ತಿನಲ್ಲಿ. ಗುಂಡ ಪಕ್ಷದ ಕಚೇರಿಯಿಂದ ಕೆಂಡವಾಗಿ ಬಂದ. ಕೋಟು ಬಿಚ್ಚಿ ಕುರ್ಚಿಯ ಮೇಲೆ ಎಸೆದ.

"ದೊಡ್ಡಣ್ಣ ಸ್ಮಾರಕ ಭವನ ಕಟ್ತಾರಂತೆ. ಹದಿನಾಲ್ಕು ಅಂತಸ್ತು. ಎಲ್ಲಿ ಗೊತ್ತಾ? ಹಳೇ ಮಾರ್ಕೆಟ್ ಕೆಡವಿ ಅಲ್ಲೇ! ನಾಡಿದ್ದು ಮೀನಿನ ಕಟ್ಟೆ ಮೇಲೆ ನಿಂತು ನಾನೇ ಹೇಳಬೇಕಂತೆ, ಇದು ನಮ್ಮ ಮಾವನ ಕನಸಾಗಿತ್ತು ಅಂತ."

"ಕೆಡವ್ತಾರಾ?" ಬೇಕರಿಯವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಕೆಡವೋದಲ್ಲ ಅಂತೆ, ಅಭಿವೃದ್ಧಿ ಅಂತೆ."

"ಸರಿ ಹೋಯ್ತು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ," ಎಂದ ಬೇಕರಿಯವನು.

"ಸತ್ತೋರ ಬಾಯಲ್ಲಿ ಸುಳ್ಳು ತುರುಕ್ತಾರಲ್ಲ, ಇವರ ನಾಲಿಗೆಗೆ ಹುಳ ಬೀಳ!" ಎಂದು ಅಜ್ಜಿ ಕೂಗಿದಳು. "ನನ್ನ ಮಗ ಇದ್ದಿದ್ರೆ ಅವರ ಚರ್ಮ ಸುಲೀತಿದ್ದ."

"ಅದನ್ನೇ ಹೇಳಿದೆ ಅಜ್ಜಿ. ಮಾವ ಇಂಥದ್ದಕ್ಕೆ ಒಪ್ಪೋರಲ್ಲ ಅಂದೆ. ಕಾರ್ಯದರ್ಶಿ ನಕ್ಕ."

ಅಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

"ಒಪ್ಪಿದ್ದ," ಎಂದಳು.

ಯಾರಿಗೂ ಒಮ್ಮೆಲೇ ಅರ್ಥವಾಗಲಿಲ್ಲ.

"ಏನಮ್ಮಾ?"

"ನಿಮ್ಮ ಮಾವ ಒಪ್ಪಿದ್ದ. ಗೆದ್ದ ಮೇಲೆ ಒಂದು ದಿನ ಮಧ್ಯಾಹ್ನ ಬಂದಿದ್ದ. ನೀವ್ಯಾರೂ ಇರಲಿಲ್ಲ, ಅಮ್ಮ ಮಲಗಿದ್ಲು. ಇಲ್ಲೇ ಕೂತು ಊಟ ಮಾಡ್ತಾ ಹೇಳ್ದ. ಅಕ್ಕಾ, ಚುನಾವಣೆಗೆ ಅವರ ಹತ್ರ ದುಡ್ಡು ತಗೊಂಡಾಗಿದೆ, ಮಾರ್ಕೆಟ್ ಉಳಿಸಕ್ಕಾಗಲ್ಲ, ಭಾವಂಗೆ ಬೇರೆ ಕಡೆ ಅಂಗಡಿ ಕೊಡಿಸ್ತೀನಿ, ಈಗಲೇ ಯಾರಿಗೂ ಹೇಳಬೇಡ ಅಂದ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅರ್ಧ ತಟ್ಟೆ ಬಿಟ್ಟು ಎದ್ದು ಹೋದ. ಕೂಗಿ ಕರೀಲಿಲ್ಲ ನಾನು. ಆಮೇಲೆ ಅವನನ್ನ ನೋಡಿದ್ದು ಹೆಣವಾಗಿ."

ಅಜ್ಜಿ ತನ್ನ ತಟ್ಟೆಯನ್ನು ದೂಡಿದಳು. ಅದು ನೆಲದ ಮೇಲೆ ಸುತ್ತು ಹೊಡೆದು ಗೋಡೆಗೆ ಬಡಿಯಿತು.

"ಸುಳ್ಳಿ!" ಎಂದಳು. "ಚಿಕ್ಕಂದಿನಿಂದ ನಿನಗೆ ಅವನನ್ನ ಕಂಡ್ರೆ ಹೊಟ್ಟೆಕಿಚ್ಚು. ಸತ್ತ ಮೇಲೂ ಬಿಡ್ಲಿಲ್ಲವಲ್ಲೇ!"

"ಅಮ್ಮಾ, ನಾನು..."

"ಅಮ್ಮಾ ಅನ್ಬೇಡ."

ಪುಟ್ಟಿ ಎದ್ದು ಚೆಲ್ಲಿದ ಅನ್ನವನ್ನು ಬಳಿದಳು.

ಮಾರನೇ ದಿನ ಗುಂಡ ಕಾರ್ಯದರ್ಶಿಯ ಮುಂದೆ ಹೋಗಿ ನೇರವಾಗಿ ಕೇಳಿದ. ಕಾರ್ಯದರ್ಶಿ ಬಾಗಿಲು ಮುಚ್ಚಿ, ರೂಢಿಯಂತೆ ಹೆಗಲ ಮೇಲೆ ಕೈಯಿಟ್ಟ.

"ಹೌದಪ್ಪ. ನಿಮ್ಮ ಮಾವನೇ ಒಪ್ಪಿದ್ದು. ಬದುಕಿದ್ರೆ ಇಷ್ಟೊತ್ತಿಗೆ ಕೆಡವಿಸ್ತಿದ್ದ, ಇದೇ ಜನ ಅವನಿಗೆ ಕಲ್ಲು ಹೊಡೀತಿದ್ರು. ಪುಣ್ಯವಂತ, ಮೊದಲೇ ಹೋದ. ಈಗ ಅವನ ಹೆಸರು ಹೇಳಿದ್ರೆ ಜನ ಜಾಗ ಬಿಟ್ಟು ಎದ್ದು ಹೋಗ್ತಾರೆ, ಅದೂ ಅಳ್ತಾ. ನಿಮ್ಮಪ್ಪನಿಗೆ ಹೊಸ ಕಟ್ಟಡದ ಮುಂದಿನ ಮೂಲೆ ಅಂಗಡಿ. ಇನ್ನೇನು ಬೇಕು ನಿನಗೆ?"

ಗುಂಡ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದ. ಬೇಕರಿಯವನು ಒಲೆಯ ಬೂದಿ ಕೆದಕುತ್ತ ಕೂತ.

"ಏನ್ಮಾಡ್ಲಪ್ಪಾ?"

"ಮೂಲೆ ಅಂಗಡಿ ಅಂದ್ರೆ ನನಗೂ ಆಸೆ ಇಲ್ಲ ಅಂತಲ್ಲ," ಎಂದ ಅವನು. "ಆದರೆ ಎದುರುಗಡೆ ಮೀನಿನೋಳು, ಸೊಪ್ಪಿನೋಳು, ಚಪ್ಪಲಿ ಹೊಲಿಯೋನು, ಇವರಿಗೆಲ್ಲ ಯಾವ ಮೂಲೆ? ನನ್ನ ಮುಖ ನಾನೇ ನೋಡ್ಕೊಳ್ಳೋಕಾಗಲ್ಲ. ನಿನ್ನ ಮಾತು ನಿನಗೆ ಬಿಟ್ಟಿದ್ದು."

ಸಭೆಯ ದಿನ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಬೇಕರಿಯ ಕಟ್ಟೆಯ ಮೇಲೆ ಗಂಡನ ಪಕ್ಕ ನಿಂತಿದ್ದಳು. ಗುಂಡ ಕೋಟು ಹಾಕಿಕೊಂಡಿರಲಿಲ್ಲ, ಕನ್ನಡಕವೂ ಇರಲಿಲ್ಲ. ಮೀನಿನ ಕಟ್ಟೆ ಹತ್ತಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

"ನಮ್ಮ ಮಾವ ಈ ಕಟ್ಟೆ ಮೇಲೆ ನಿಂತು ನಿಮಗೆ ಒಂದು ಮಾತು ಕೊಟ್ಟಿದ್ರು. ಗೆದ್ದ ಮೇಲೆ ಬೇರೆಯೋರಿಗೆ ಇನ್ನೊಂದು ಮಾತು ಕೊಟ್ರು. ಮಾರ್ಕೆಟ್ ಕೆಡವೋಕೆ ಒಪ್ಪಿದ್ರು. ನಮ್ಮಮ್ಮನ ಹತ್ರ ತಾವೇ ಹೇಳಿದ್ರು. ನಾನು ಅದಕ್ಕೆ ಒಪ್ಪಲ್ಲ. ಅವರ ಹೆಸರು ಹೇಳ್ಕೊಂಡು ಯಾರು ಬಂದ್ರೂ ಜಾಗ ಬಿಡಬೇಡಿ..."

ಮೈಕು ಅಲ್ಲಿಗೇ ಸತ್ತಿತು. ಆಮೇಲೆ ಮೀನಿನವಳು ಮುಂದೆ ನುಗ್ಗಿ ಬಂದಳು. ಗುಂಡನನ್ನು ಚಿಕ್ಕವನಿದ್ದಾಗ ಸೊಂಟದ ಮೇಲೆ ಹೊತ್ತು ಆಡಿಸಿದ ಹೆಂಗಸು.

"ಉಂಡ ಮನೆಗೆ ಎರಡು ಬಗೆಯೋನೇ! ಆ ದೇವರಂಥ ಮನುಷ್ಯನ ಮೇಲೆ ಕೆಸರು ಎರಚ್ತೀಯಾ? ಎಷ್ಟಕ್ಕೆ ಮಾರ್ಕೊಂಡೆ ನಿನ್ನ ನಾಲಿಗೇನ?"

ಮೊದಲು ಹಾರಿ ಬಂದದ್ದು ಒಂದು ಚಪ್ಪಲಿ. ಆಮೇಲೆ ಏನೇನೋ. ಬೇಕರಿಯವನು ಜನರನ್ನು ತಳ್ಳಿಕೊಂಡು ಹೋಗಿ ಮಗನನ್ನು ಎಳೆದು ತರುವಷ್ಟರಲ್ಲಿ ಅಂಗಿ ಹರಿದಿತ್ತು, ಹುಬ್ಬಿನ ಮೇಲೆ ರಕ್ತ. ಹಿಂದೆ ಕಾರ್ಯದರ್ಶಿ ಬರಿಗಂಟಲಿನಲ್ಲಿ ಕೂಗುತ್ತಿದ್ದ: "ಹುಡುಗನಿಗೆ ವಿರೋಧಿಗಳು ತಲೆ ಕೆಡಿಸಿದಾರೆ! ದೊಡ್ಡಣ್ಣ ನಿಮ್ಮನ್ನ ಎಂದೂ ಕೈ ಬಿಡಲ್ಲ!"

ಆ ವಾರವೇ ಕಾರ್ಯದರ್ಶಿಯೇ ಅಭ್ಯರ್ಥಿ ಎಂದು ಹೊಸ ಪೋಸ್ಟರುಗಳು ಬಂದವು. ಗುಂಡನ ಮುಖದ ಮೇಲೆ ಅವನ ಮುಖ ಅಂಟಿಸಿದರು. ಬೇಕರಿಯ ಗಾಜಿನ ಕಪಾಟನ್ನು ಯಾರೋ ಒಡೆದರು. ಹೋಟೆಲಿನವನು, "ನಿಮ್ಮ ಬ್ರೆಡ್ ತಂದ್ರೆ ಗಿರಾಕಿಗಳು ಎದ್ದು ಹೋಗ್ತಾರೆ, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ ಕಳಿಸಿದ. ಮಾಡಿದ ಬ್ರೆಡ್ಡು ಸಂಜೆಗೆ ಹಾಗೇ ಉಳಿಯುತ್ತಿತ್ತು. ಬೆಳಿಗ್ಗೆ ಅದನ್ನೇ ಹಾಲಿನಲ್ಲಿ ಅದ್ದಿ, ಮಧ್ಯಾಹ್ನ ಮೊಟ್ಟೆಯ ಜೊತೆ ಹುರಿದು, ಮನೆಯವರೇ ತಿಂದರು.

"ಇನ್ನೊಂದು ವಾರ ಹೀಗೇ ಆದ್ರೆ ನನ್ನನ್ನ ಕೊಯ್ದು ನೋಡಿ, ಒಳಗೆ ಬರೀ ಬ್ರೆಡ್ಡೇ ಇರುತ್ತೆ," ಎಂದಳು ಪುಟ್ಟಿ. ಯಾರೂ ನಗಲಿಲ್ಲ. ಆಸ್ಪತ್ರೆಯಲ್ಲಿ ಜೊತೆಯವರು ಅವಳು ಬಂದು ಕೂತ ಬೆಂಚಿನಿಂದ ಎದ್ದು ಹೋಗುತ್ತಿದ್ದುದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ.

ಅಜ್ಜಿ ಮಗಳ ಕೈಯ ಅನ್ನ ಬಿಟ್ಟಳು. ತನ್ನ ಕೋಣೆಯಲ್ಲೇ ಒಂದು ಸಣ್ಣ ಸ್ಟೌ ಇಟ್ಟುಕೊಂಡು ಗಂಜಿ ಕಾಯಿಸಿಕೊಳ್ಳುತ್ತಿದ್ದಳು. ಗುಂಡ ಬಾಗಿಲಲ್ಲಿ ನಿಂತು "ಅಜ್ಜೀ" ಎಂದರೆ ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಅಕ್ಕ ದಿನವೂ ಬಾಗಿಲ ಹತ್ತಿರ ತಟ್ಟೆ ಇಡುವಳು. ದಿನವೂ ಮುಟ್ಟದ ತಟ್ಟೆಯನ್ನು ಎತ್ತುವಳು.

"ಬಿಟ್ಬಿಡು," ಎಂದ ಗಂಡ. "ಎಷ್ಟು ದಿನ ಅಂತ ಹೀಗೆ?"

"ಒಬ್ಬ ಅರ್ಧ ತಟ್ಟೆ ಬಿಟ್ಟು ಹೋದ. ಇವಳನ್ನೂ ಹಾಗೆ ಕಳಿಸ್ಲಾ?"

ಚುನಾವಣೆ ಹತ್ತಿರ ಬಂದಾಗ ಕಾರ್ಯದರ್ಶಿ ಮತ್ತೆ ಮನೆಗೆ ಬಂದ. ಅಕ್ಕ ಬಾಗಿಲು ತೆಗೆದು ಅಡುಗೆಮನೆಗೆ ಸರಿದಳು. ಅವನು ನೆಟ್ಟಗೆ ಅಜ್ಜಿಯ ಕೋಣೆಗೆ ಹೋಗಿ ಅವಳ ಕಾಲ ಬಳಿ ನೆಲದ ಮೇಲೆ ಕೂತ.

"ಅಮ್ಮಾ, ಕೊನೇ ಸಭೆಗೆ ನೀವು ಬರಬೇಕು. ಹೆಚ್ಚೇನೂ ಮಾತಾಡೋದು ಬೇಡ. ನನ್ನ ಪಕ್ಕ ಕೂತು, ಮೊಮ್ಮಗ ಹೇಳಿದ್ದು ಸುಳ್ಳು, ನನ್ನ ಮಗ ಅಂಥವನಲ್ಲ ಅಂತ ಒಂದು ಮಾತು. ಸಾಕು."

"ಬರ್ತೀನಿ," ಎಂದಳು ಅಜ್ಜಿ. "ಯಾಕೆ ಬರಬಾರದು? ಅವನ ಹೆಸರು ಉಳೀಬೇಕಲ್ಲ."

ಅಡುಗೆಮನೆಯಲ್ಲಿ ಅಕ್ಕ ಗೋಡೆಗೆ ಒರಗಿ ನಿಂತಳು.

"ಗೆದ್ದ ಮೇಲೆ ಮಾರ್ಕೆಟ್ ಮುಟ್ಟಲ್ಲ ತಾನೇ?" ಅಜ್ಜಿ ಕೇಳಿದಳು.

"ಅದೆಲ್ಲ ಆಮೇಲಿನ ಮಾತು ಅಮ್ಮಾ."

"ಆಮೇಲಿನ ಮಾತು ಅಂದ್ರೆ?"

"ದೊಡ್ಡಣ್ಣ ಕೊಟ್ಟ ಮಾತನ್ನ ನಾವು ಮೀರೋಕಾಗುತ್ತಾ?"

"ಯಾವ ಮಾತು? ಕಟ್ಟೆ ಮೇಲೆ ಕೊಟ್ಟಿದ್ದಾ, ಇನ್ನೊಂದಾ?"

ಅವನು ಅಭ್ಯಾಸಬಲದಿಂದ ಅವಳ ಹೆಗಲ ಮೇಲೆ ಕೈ ಇಡಲು ಹೋದ.

"ಕೈ ತೆಗಿಯೋ," ಎಂದಳು ಅಜ್ಜಿ. "ನನ್ನ ಮುಖ ನೋಡಿ ಹೇಳು. ನನ್ನ ಮಗ ಮಾರ್ಕೆಟ್ ಕೊಟ್ಟಿದ್ನಾ?"

"ಅಮ್ಮಾ, ರಾಜಕೀಯದಲ್ಲಿ ಕೆಲವೊಂದು ಸಲ..."

"ಕೊಟ್ಟಿದ್ನಾ?"

"ಕೊಟ್ಟಿದ್ರು. ಬೇರೆ ದಾರಿ ಇರಲಿಲ್ಲ ಅವರಿಗೆ. ಆದ್ರೆ ಜನಕ್ಕೆ ಅದು ಯಾಕೆ ಗೊತ್ತಾಗಬೇಕು? ಅವರು ದೇವರಾಗಿಯೇ ಇರಲಿ ಬಿಡಿ."

ಅಜ್ಜಿ ಮಂಚದ ಅಂಚು ಹಿಡಿದುಕೊಂಡು ಎದ್ದಳು. ಗೂಟಕ್ಕೆ ತೂಗುಹಾಕಿದ್ದ ಶಾಲು ತೆಗೆದು ಹೊದ್ದಳು.

"ನೀನು ಹೋಗಪ್ಪ. ನನಗೆ ಸಭೆಗೆ ಬರೋಕಾಗಲ್ಲ."

ಅವನು ಹೋದ ಮೇಲೆ ಅಜ್ಜಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ.

"ಅವತ್ತು ಏನು ಅಡುಗೆ ಮಾಡಿದ್ದೆ?"

"ಯಾವತ್ತು?"

"ಅವನು ಬಂದಿದ್ದ ದಿನ."

"ಅನ್ನ, ಆಲೂಗಡ್ಡೆ ಹುಳಿ. ಮೊಟ್ಟೆ ಹುರಿದಿದ್ದೆ."

"ಮೊಟ್ಟೆ ತಿಂದ್ನಾ?"

"ಅದನ್ನ ತಿಂದಿದ್ದ."

ಅಜ್ಜಿ ತಲೆಯಾಡಿಸಿದಳು. ಅಲ್ಲೇ ಹೊಸ್ತಿಲ ಮೇಲೆ ಕೂತು, ಮಗ ಸತ್ತ ಮೇಲೆ ಮೊದಲ ಸಲ, ಗಟ್ಟಿಯಾಗಿ ಅತ್ತಳು. ಅಕ್ಕ ಪಕ್ಕದಲ್ಲಿ ಕೂತಳು. ಅತ್ತು ಮುಗಿದ ಮೇಲೆ ಅಜ್ಜಿ, "ಹಸಿವಾಗ್ತಿದೆ ಕಣೇ," ಎಂದಳು.

ಮಾರನೇ ಬೆಳಿಗ್ಗೆ ಅವಳು ಅಳಿಯನ ಹಿಂದೆಯೇ ಬೇಕರಿಗೆ ಹೊರಟಳು. ಬೇಡ ಎಂದರೂ ಕೇಳಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಸ್ಟೂಲು ಎಳೆದುಕೊಂಡು ಬೀದಿಗೆ ಮುಖ ಮಾಡಿ ಕೂತಳು. ದೊಡ್ಡಣ್ಣನ ತಾಯಿ ಅಂಗಡಿಯಲ್ಲಿ ಕೂತಿದ್ದಾಳೆ ಎಂಬ ಸುದ್ದಿ ಮಾರುಕಟ್ಟೆಯಲ್ಲೆಲ್ಲ ಹರಡಿತು. ಜನ ಬಂದು ದೂರದಲ್ಲಿ ನಿಂತು ನೋಡಿ ಹೋದರು. ಹತ್ತಿರ ಯಾರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೀನಿನವಳು ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದಳು.

"ಅಮ್ಮಾ, ನೀವಾದ್ರೂ ಹೇಳಿ. ಆ ಹುಡುಗ ಹೇಳಿದ್ದು ಸುಳ್ಳು ತಾನೇ?"

ಒಳಗೆ ಹಿಟ್ಟು ನಾದುತ್ತಿದ್ದ ಗುಂಡನ ಕೈ ನಿಂತಿತು.

"ನಿಜ," ಎಂದಳು ಅಜ್ಜಿ. "ನನ್ನ ಮಗ ತಪ್ಪು ಮಾಡ್ದ. ಬದುಕಿದ್ದಿದ್ರೆ ಕಿವಿ ಹಿಂಡಿ ಈ ಕಟ್ಟೆ ಮೇಲೆ ತಂದು ನಿಲ್ಲಿಸ್ತಿದ್ದೆ, ನಿಮ್ಮ ಕೈಲಿ ಉಗಿಸ್ತಿದ್ದೆ. ತಿದ್ದಿಕೊಳ್ತಿದ್ನೋ ಏನೋ. ಸತ್ತು ಹೋದ. ಇನ್ನು ಅವನನ್ನ ಬೈಯೋಕೂ ಆಗಲ್ಲ, ಅವನು ತಿದ್ಕೊಳ್ಳೋಕೂ ಆಗಲ್ಲ."

ಮೀನಿನವಳ ಕಣ್ಣು ತುಂಬಿತು. "ಹಾಗೆ ಹೇಳಬೇಡಿ ಅಮ್ಮಾ. ನೀವೂ ಹಾಗೆ ಹೇಳಿದ್ರೆ ನಮಗೆ ಇನ್ಯಾರಿದಾರೆ?" ಎಂದು ತಿರುಗಿ ಹೋದಳು. ಏನೂ ಕೊಳ್ಳಲಿಲ್ಲ.

ಚುನಾವಣೆಯಲ್ಲಿ ಕಾರ್ಯದರ್ಶಿ ಭಾರಿ ಅಂತರದಿಂದ ಗೆದ್ದ. ದೊಡ್ಡಣ್ಣನ ಪಟಕ್ಕೆ ಕೈ ಮುಗಿಯುತ್ತ ಕುರ್ಚಿಯಲ್ಲಿ ಕೂತ. ತಿಂಗಳು ಕಳೆಯುವುದರೊಳಗೆ ಅಳತೆಯವರು ಟೇಪು, ಕೆಂಪು ಬಣ್ಣದ ಡಬ್ಬ ಹಿಡಿದು ಬಂದು ಅಂಗಡಿಗಳ ಗೋಡೆಯ ಮೇಲೆ ಗುರುತು ಹಾಕತೊಡಗಿದರು. ದೊಡ್ಡಣ್ಣ ಸ್ಮಾರಕಕ್ಕೆ ಎಂದು ಹೇಳಿದರು. ಚಪ್ಪಲಿ ಹೊಲಿಯುವವನು ಹೆಸರು ಕೇಳಿ ಕೈ ಮುಗಿದ; ಆಮೇಲೆ ತನ್ನ ಗೋಡೆಯ ಮೇಲಿನ ಕೆಂಪು ಗೀಟು ನೋಡುತ್ತ ನಿಂತುಬಿಟ್ಟ.

ಆ ದಿನ ಸಂಜೆ ಬೇಕರಿಯ ಮುಂದೆ ಐದಾರು ಜನ ಬಂದು ನಿಂತರು. ಮುಂದೆ ಮೀನಿನವಳು. ಯಾರೂ ಬ್ರೆಡ್ಡು ಕೇಳಲಿಲ್ಲ. ಮಾತೂ ಆಡಲಿಲ್ಲ. ಚಪ್ಪಲಿ ಹೊಲಿಯುವವನು ಕಾಲಲ್ಲಿ ನೆಲ ಗೀರುತ್ತಿದ್ದ. ಬೇಕರಿಯವನು ಹೆಂಡತಿಯ ಮುಖ ನೋಡಿದ. ಅಕ್ಕ ತಾಯಿಯ ಮುಖ ನೋಡಿದಳು.

ಅಜ್ಜಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿ ಮುಗಿಸಿದಳು.

"ಏನು, ಬಾಯಿಗೆ ಬೀಗ ಬಿತ್ತಾ? ಅವತ್ತು ಚಪ್ಪಲಿ ಎಸೆಯೋವಾಗ ಚೆನ್ನಾಗಿ ತೆರ್ಕೊಂಡಿತ್ತಲ್ಲ?"

ಮೀನಿನವಳು ತಲೆ ತಗ್ಗಿಸಿದಳು. "ಹುಡುಗ ಇದಾನಾ ಅಮ್ಮಾ?"

"ಇದಾನೆ," ಎಂದು ಅಜ್ಜಿ ಸ್ಟೂಲಿನಿಂದ ಎದ್ದು, ಒಳಗಿನ ಬಾಗಿಲ ಕಡೆ ತಿರುಗಿದಳು. "ಆದ್ರೆ ಅವನನ್ನ ಚಿಕ್ಕಣ್ಣ ಅಂತ ಕರೀಬೇಡಿ. ಹೊತ್ಕೊಂಡು ಮೆರೆಸಲೂ ಬೇಡಿ. ತಪ್ಪು ಮಾಡಿದ್ರೆ ಬದುಕಿರೋವಾಗಲೇ ಬೈಯಿರಿ. ಒಪ್ಪಿಗೆ ಇದ್ರೆ ಒಳಗೆ ಬನ್ನಿ."